ಬುಧವಾರ ಮಧ್ಯಾಹ್ನ ಮಲಗುವ ಸರ್ವರ್ ಮಹಾಶಯರಿಗೆ

ಮಾನ್ಯರೇ,

ಎಲ್ಲಿರುವಿರೋ ತಿಳಿಯದು, ಹೇಗಿರುವಿರೋ ಕಂಡವರಿಲ್ಲ, ಆದರೂ ಲಕ್ಷಾಂತರ ಜನರ ದೋಣಿಗಳನ್ನು ಫೋನಿನ ಆಟದ ಒಂದೇ ನದಿಯಲ್ಲಿ ತೇಲಿಸುತ್ತಿರುವ ತಮಗೆ, ಶಾಲಾ ಬಸ್ಸಿನ ಚಾಲಕಿಯೊಬ್ಬಳು ಸ್ಟೀರಿಂಗಿನ ಮೇಲೆ ಕಾಗದವಿಟ್ಟುಕೊಂಡು ಮಾಡುವ ಸವಿನಯ ವಂದನೆಗಳು. ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇನೆ. ವಾರವಾರವೂ ಇಷ್ಟು ಆರೈಕೆ ಮಾಡಿಸಿಕೊಳ್ಳುವವರ ಆರೋಗ್ಯ ಕೆಡುವುದಾದರೂ ಹೇಗೆ?

ಮೊದಲಿಗೆ ತಮ್ಮ ಸಮಯಪಾಲನೆಯನ್ನು ಹೊಗಳದಿದ್ದರೆ ನನ್ನ ನಾಲಿಗೆ ಸೇದಿಹೋದೀತು. ನನ್ನ ಬಸ್ಸು ಒಮ್ಮೊಮ್ಮೆ ತಡವಾಗುತ್ತದೆ, ಏಕೆಂದರೆ ಮಕ್ಕಳು ಬೂಟು ಹುಡುಕುತ್ತಾರೆ, ತಾಯಂದಿರು ನೀರಿನ ಬಾಟಲಿ ಹಿಡಿದು ಹಿಂದೆ ಓಡಿ ಬರುತ್ತಾರೆ. ತಾವು ಮಾತ್ರ ಬುಧವಾರ ಮಧ್ಯಾಹ್ನ ನಾನು ಬಸ್ಸನ್ನು ಶಾಲೆಯ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿ, ಕೀಲಿ ತಿರುಗಿಸಿ, ಫೋನು ಕೈಗೆತ್ತಿಕೊಂಡು ಉಸ್ಸೆನ್ನುವಷ್ಟರಲ್ಲಿ ತಪ್ಪದೆ ಕಣ್ಣು ಮುಚ್ಚುತ್ತೀರಿ. ಮುಚ್ಚುವ ಮುನ್ನ, 'ಅತ್ಯಂತ ಕಡಿಮೆ ಆಟಗಾರರಿರುವ ವೇಳೆಯಲ್ಲಿ ನಿರ್ವಹಣೆ ನಡೆಯಲಿದೆ' ಎಂದು ಪ್ರಕಟಣೆಯನ್ನೂ ಹೊರಡಿಸುತ್ತೀರಿ. ಮಹಾಶಯರೇ, ಆ ಅತ್ಯಂತ ಕಡಿಮೆ ಆಟಗಾರರು ಯಾರೆಂದು ತಾವು ಎಂದಾದರೂ ವಿಚಾರಿಸಿದ್ದುಂಟೇ? ಅವರು ನಾವು. ನಾನು ಮತ್ತು ನನ್ನ ಅಕ್ಕ.

ಅಕ್ಕ ಆಸ್ಪತ್ರೆಯಲ್ಲಿ ನರ್ಸು, ಸಮುದ್ರದ ಆಚೆ. ನಾನು ಊಟದ ಡಬ್ಬಿ ಮುಚ್ಚುವಾಗ ಅವಳು ಹಲ್ಲುಜ್ಜುತ್ತಿರುತ್ತಾಳೆ. ಅವಳು ಕೆಲಸ ಮುಗಿಸಿ ಬರುವಾಗ ನಾನು ನಿದ್ದೆಯಲ್ಲಿ, ನನಗೆ ಬಿಡುವಾದಾಗ ಅವಳು ವಾರ್ಡಿನಲ್ಲಿ. ಅವಳಿಗೆ ರಜೆ, ನನಗೆ ಬಿಡುವು ಎರಡೂ ಕೂಡಿಬರುವುದು ಬುಧವಾರ ನನ್ನ ಮಧ್ಯಾಹ್ನ, ಅವಳ ಬೆಳಗು. ತಾವು ಪ್ರಕಟಣೆಯಲ್ಲಿ ನಮೂದಿಸುವ 'ಸರ್ವರ್ ಸಮಯ' ನನ್ನ ಗಡಿಯಾರದಲ್ಲೂ ಇಲ್ಲ, ಅವಳ ಗಡಿಯಾರದಲ್ಲೂ ಇಲ್ಲ. ಅದು ಮನುಷ್ಯರು ವಾಸಿಸುವ ಯಾವುದೋ ದೇಶದ್ದಿರಬಹುದೆಂದು ಬೆರಳು ಮಡಚಿ ಮಡಚಿ ಎಣಿಸಿ ಸೋತಿದ್ದೇನೆ.

ಫೋನಿನಲ್ಲಿ ಮಾತಾಡಬಹುದಲ್ಲ ಎಂದು ತಾವು ಕೇಳಬಹುದು. ನಮ್ಮ ಬಸ್ಸಿನ ಆಯಮ್ಮನೂ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಅದನ್ನೇ ಕೇಳುತ್ತಾರೆ: "ಒಂದು ಫೋನ್ ಹಚ್ಚಿದ್ರೆ ಮುಗೀತಲ್ಲಮ್ಮ, ಅದಕ್ಯಾಕೆ ದೋಣಿ?" ಆಯಮ್ಮ ನಮ್ಮ ಅಕ್ಕನನ್ನು ಕಂಡವರಲ್ಲ. ಅಮ್ಮ ತೀರಿಕೊಂಡ ಮೇಲೆ ಅವಳ ಹೊಲಿಗೆ ಯಂತ್ರದ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಯಿತು. ನನಗೆ ಬೇಕು ತನಗೆ ಬೇಕು ಎಂದಲ್ಲ. ನೀನೇ ಇಟ್ಟುಕೋ, ಇಲ್ಲ ನೀನೇ ಇಟ್ಟುಕೋ ಎಂದು. ಉಪಚಾರದಿಂದ ಶುರುವಾದದ್ದು, ಹಾಗಾದರೆ ಅಮ್ಮನ ವಸ್ತು ನಿನಗೆ ಬೇಡವಾಯಿತೇ ಎಂಬಲ್ಲಿಗೆ ಹೋಗಿ, ಅಲ್ಲಿಂದ ಬಾಲ್ಯಕ್ಕೆ ಹೋಗಿ, ಫೋನು ಕುಕ್ಕುವುದರಲ್ಲಿ ಮುಗಿಯಿತು. ಆಮೇಲೆ ಮಾತಿಲ್ಲ, ಜಗಳಕ್ಕೆ ಮುಂಚೆ ತಮ್ಮ ಆಟದಲ್ಲಿ ಕಟ್ಟಿಕೊಂಡಿದ್ದ ಜೋಡಿ ಮಾತ್ರ ಉಳಿಯಿತು.

ಮಾತಿಲ್ಲದವರಿಗೆ ತಮ್ಮ ನದಿ ಎಷ್ಟು ಅನುಕೂಲವೆಂದು ಏನು ಹೇಳಲಿ! ತಾವು ಕೊಡುವ ದೋಣಿಗೆ ಇಬ್ಬರು ಬೇಕು. ಒಬ್ಬರೇ ಹುಟ್ಟು ಹಾಕಿದರೆ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಮಾತಾಡುವ ಸೌಕರ್ಯವಿಲ್ಲ, ಇರುವುದು ಬಾರಿಸಲು ಒಂದು ಗಂಟೆ ಮಾತ್ರ. ನಾನು ಬಂಡೆಗೆ ತಾಗಿಸಿದರೆ ಅಕ್ಕ ಆ ಗಂಟೆಯನ್ನು ಟಣಟಣಟಣ ಎಂದು ಬಾರಿಸುತ್ತಾಳೆ, "ಕಣ್ಣು ಎಲ್ಲಿಟ್ಟಿದೀಯೇ, ಮಕ್ಕಳ ಬಸ್ಸನ್ನೂ ಹೀಗೇ ಓಡಿಸ್ತೀಯಾ?" ಎಂದು ನನಗೆ ಒಂದಕ್ಷರ ಬಿಡದೆ ಕೇಳಿಸುತ್ತದೆ. ದೋಣಿಗೆ ಹೇರಿದ ಮೂಟೆಗಳು ಆಚೆ ದಡ ಮುಟ್ಟಿದಾಗ ಒಂದೇ ಒಂದು ಸಲ, ಮೆಲ್ಲಗೆ, ಟಣ್. ಆ ಒಂದು ಟಣ್‌ಗಾಗಿ ನಾನು ವಾರವಿಡೀ ಕಾಯುತ್ತಿದ್ದೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ತಮ್ಮ ನಿಯಮದ ಪ್ರಕಾರ ವಾರಕ್ಕೊಮ್ಮೆಯಾದರೂ ಇಬ್ಬರೂ ಕೂಡಿ ಹುಟ್ಟು ಹಾಕದಿದ್ದರೆ ಜೋಡಿ ರದ್ದು. ತಾವು ನಿದ್ದೆಯ ದಿನವನ್ನು ಬುಧವಾರಕ್ಕೆ ಬದಲಿಸಿದ ಮೊದಲ ವಾರವೇ ನಮ್ಮದು ರದ್ದಾಯಿತು. ಅದನ್ನೂ ಸಹಿಸಬಹುದಿತ್ತು. ಆದರೆ ತಾವು ಎದ್ದು ಮೈಮುರಿದು ನನಗೆ ಕಳಿಸಿದ ಸಂದೇಶ ಹೀಗಿತ್ತು: 'ನಿಮ್ಮ ಜೊತೆಗಾರರು ನಿಮ್ಮನ್ನು ಬಿಟ್ಟು ಹೋಗಿದ್ದಾರೆ.' ಆಹಾ! ಎಂಥ ಸಂಕ್ಷಿಪ್ತತೆ, ಎಂಥ ನೇರ ನುಡಿ! ಅಂದು ಸಂಜೆ ಮಕ್ಕಳನ್ನು ಇಳಿಸಿ ಖಾಲಿ ಬಸ್ಸಿನಲ್ಲಿ ಅಕ್ಕನಿಗೆ ಬಾಯಿಗೆ ಬಂದಂತೆ ಬಯ್ದೆ, ಅತ್ತೂಬಿಟ್ಟೆ. ಆಮೇಲೆ ತಮ್ಮ ಆಟಗಾರರು ದೂರು ಬರೆಯುವ ಫಲಕದಲ್ಲಿ ಒಬ್ಬ ಗಂಡ ಬರೆದದ್ದನ್ನು ಓದಿದೆ: ತಾನೂ ಹೆಂಡತಿಯೂ ಒಂದೇ ಸೋಫಾದಲ್ಲಿ ಕುಳಿತಿರುವಾಗ ಇಬ್ಬರಿಗೂ ಅದೇ ಸಂದೇಶ ಬಂತೆಂದು. ಅಂದರೆ ಯಾರೂ ಯಾರನ್ನೂ ಬಿಟ್ಟಿರಲಿಲ್ಲ. ಬಿಟ್ಟವರು ತಾವು, ಹೆಸರು ಮಾತ್ರ ನಮ್ಮದು.

ತಮ್ಮ ಸಹಾಯ ವಿಭಾಗಕ್ಕೆ ಬರೆದೆ. 'ನಿಮ್ಮ ತಾಳ್ಮೆಗೆ ಧನ್ಯವಾದಗಳು' ಎಂದು, ನನ್ನಲ್ಲಿ ಎಂದೂ ಇರದ ಗುಣವನ್ನು ಮೆಚ್ಚಿ, ಪರಿಹಾರವಾಗಿ ದೋಣಿಗೆ ಕಟ್ಟುವ ಒಂದು ಬಣ್ಣದ ಕೊಡೆಯನ್ನು ಕಳಿಸಿದರು. ಜೋಡಿಯಿದ್ದವರು ಮಾತ್ರ ಅದನ್ನು ಬಿಚ್ಚಬಹುದಂತೆ. ಇಷ್ಟೆಲ್ಲ ನಿರ್ವಹಣೆಯಿಂದ ಆದ ಸುಧಾರಣೆ ಏನೆಂದು ನೋಡಿದರೆ, ನದಿಯ ಬಾತುಕೋಳಿಗಳಿಗೆ ನೀಲಿ ಬಾಲ ಬಂದಿದೆ. ಬಾಲಗಳು ಚೆನ್ನಾಗಿವೆ, ಅಭಿನಂದನೆಗಳು.

ಕಳೆದ ಬುಧವಾರ ತಾವು ಮಲಗುವುದಕ್ಕೆ ಸ್ವಲ್ಪ ಮುಂಚೆ ಒಳಗೆ ಹೋದೆ. ನಮ್ಮ ಎಂದಿನ ಕಟ್ಟೆಯ ಬಳಿ, ಜೋಡಿ ರದ್ದಾದ ಮೇಲೆ ಅಕ್ಕನ ಪಾಲಿಗೆ ಬಂದ ದೋಣಿ ಒಂಟಿಯಾಗಿ ಗಿರಗಿರ ತಿರುಗುತ್ತಿತ್ತು. ಸ್ವಲ್ಪ ದೂರದಲ್ಲಿ ನನ್ನದೂ ತಿರುಗತೊಡಗಿತು. ಅವಳು ಗಂಟೆ ಬಾರಿಸಲಿಲ್ಲ. ನಾನ್ಯಾಕೆ ಮೊದಲು ಬಾರಿಸಲಿ ಎಂದು ನಾನೂ ಸುಮ್ಮನಿದ್ದೆ. ಕೊನೆಗೆ ಹಾಳಾಗಿ ಹೋಗಲಿ ಎಂದು ಬೆರಳು ಚಾಚಿದೆ ನೋಡಿ, ಪರದೆ ಕಪ್ಪಾಯಿತು, ತಾವು ಮಲಗಿದ್ದಿರಿ.

ಆದ್ದರಿಂದ ನನ್ನ ಬೇಡಿಕೆಗಳು ಅತ್ಯಲ್ಪ. ಅಕ್ಕನಿಗೆ ತಾವು ಖುದ್ದಾಗಿ, ಸಹಿ ಮೊಹರಿನೊಂದಿಗೆ, 'ನಿಮ್ಮ ತಂಗಿ ನಿಮ್ಮನ್ನು ಬಿಟ್ಟು ಹೋಗಿಲ್ಲ, ನಾನು ಮಲಗಿದ್ದೆ' ಎಂದು ಪ್ರಮಾಣಪತ್ರ ಕೊಡಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ಭೂಮಿಯನ್ನೇ ಒಂದು ಬುಧವಾರದ ಮಟ್ಟಿಗೆ ನಿರ್ವಹಣೆಗಾಗಿ ನಿಲ್ಲಿಸಿ, ನಮ್ಮಿಬ್ಬರ ಮೇಲೂ ಒಟ್ಟಿಗೆ ಬಿಸಿಲು ಬೀಳುವಂತೆ ಅದನ್ನು ಕೊಂಚ ಚಪ್ಪಟೆ ಮಾಡಿಸಿ. ಬಾತುಕೋಳಿಗೆ ನೀಲಿ ಬಾಲ ತರಿಸಿದವರಿಗೆ ಅದೇನು ಮಹಾ. ಎರಡೂ ಆಗದಿದ್ದರೆ ದಯವಿಟ್ಟು ಗುರುವಾರ ಮಲಗಿ.

ತಮ್ಮ ವಿಶ್ವಾಸಿ,
ಒಂಟಿ ದೋಣಿಯ ಬಸ್ ಚಾಲಕಿ

ತಾ.ಕ.: ತಾವು ಉತ್ತರಿಸುವ ತೊಂದರೆ ತೆಗೆದುಕೊಳ್ಳಬೇಡಿ, ಇನ್ನೊಂದು ಕೊಡೆಯನ್ನಂತೂ ಕಳಿಸಲೇಬೇಡಿ. ಈ ಪತ್ರವನ್ನು ಆಟಗಾರರ ಫಲಕದಲ್ಲಿ ಅಂಟಿಸುತ್ತಿರುವುದು, ಅಲ್ಲಿನ ಒಂದು ದೂರನ್ನೂ ಬಿಡದೆ ಓದಿ ಕಾಗುಣಿತದ ತಪ್ಪು ಹುಡುಕುವ ಒಬ್ಬಾಕೆಗಾಗಿ. ಅಕ್ಕಾ, ಬಿಟ್ಟು ಹೋಗಿದ್ದು ನಾನಲ್ಲ ಕಣೇ. ಜೋಡಿಗೆ ಕೋರಿಕೆ ನಾನೇ ಮೊದಲು ಕಳಿಸಿದೀನಿ, ನೀನೇ ಗೆದ್ದೆ ಅಂದ್ಕೋ. ಒಪ್ಪಿಕೊಳ್ಳೋದಾದ್ರೆ ಮಂಗಳವಾರದೊಳಗೆ ಒಪ್ಪಿಕೋ. ಬುಧವಾರ ಈ ಮಹಾಶಯರು ಮಲಗಿಬಿಟ್ಟರೆ, ನೀನು ಒಪ್ಪಲಿಲ್ಲ ಅಂತ ನನಗೆ ಹೇಳಿಬಿಡ್ತಾರೆ.