ಮೊದಲ ಕಾರ್ಡ್, ಆಮ್ಯಾಲೆ ಹಾಸಿಗಿ

ಬಸವನ ಬಾಗೇವಾಡಿಯ ನಮ್ಮ ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿ ‘ಹೋಂಸ್ಟೇ’ ಅಂತ ಬೋರ್ಡು ಹಾಕಿದಾಗಿನಿಂದ ನಮ್ಮಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಸರಕಾರ ನಿಯಮ ಮಾಡುವ ಮೊದಲು ನಮ್ಮ ಅತ್ತೆಯವರನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ, ಅನುಭವಿಸುವವಳು ನಾನು.

ನಮಗೆ ಸಿಕ್ಕಿದ್ದು ತಾತ್ಪೂರ್ತಿಕ ಪರವಾನಗಿ. ಅಧಿಕಾರಿ ಬಂದು ನೋಡಿ ಒಪ್ಪಿದರೆ ಪಕ್ಕಾ ಆಗುತ್ತದೆ. ಒಪ್ಪದಿದ್ದರೆ ಆ ಕೋಣೆಗಳಲ್ಲಿ ಉಳ್ಳಾಗಡ್ಡಿ ತುಂಬಬೇಕೆಂದು ನಮ್ಮ ಭಾವನವರು ಕಾಯುತ್ತಿದ್ದರು. ನಾನು ಹಟ ಹಿಡಿದು ಕಟ್ಟಿಸಿದ ಕೋಣೆ, ಆರಿಸಿ ತಂದ ಗುಲಾಬಿ ಪರದೆ, ಅದರ ಹಿಂದೆ ಉಳ್ಳಾಗಡ್ಡಿ! ನೆನೆಸಿಕೊಂಡರೇ ಕಣ್ಣಲ್ಲಿ ನೀರು ಬರುತ್ತಿತ್ತು.

ಕ್ಯಾಮೆರಾ

ಪರವಾನಗಿ ಕೊಟ್ಟವರು ಬಾಗಿಲಿಗೆ ಕ್ಯಾಮೆರಾ ಬೇಕೆಂದರು, ಹಾಕಿಸಿದೆ. ಮರುದಿನ ಪಕ್ಕದ ಮನೆಯಾಕೆ ಕಡ ಒಯ್ದ ಸಕ್ಕರೆ ತಿರುಗಿ ಕೊಡಲು ಬಂದವಳು ಒಳಗೇ ಬರಲಿಲ್ಲ. ಕ್ಯಾಮೆರಾದ ಮುಂದೆ ಬಟ್ಟಲು ಎತ್ತಿ ಹಿಡಿದು ನಿಂತಳು.

“ಯಾಕ್ರೀ ಅಲ್ಲೇ ನಿಂತ್ರಿ?”

“ನಾ ಕೊಟ್ಟೇ ಇಲ್ಲ ಅಂತ ನಿಮ್ಮತ್ತಿ ಓಣಿ ತುಂಬ ಹೇಳ್ತಾರ. ಈಗ ಸಾಕ್ಷಿ ಐತಿ. ಬಟ್ಟಲ ತುಂಬೇತಿ, ಅದೂ ಕಾಣಲಿ!” ಎಂದು ಬಟ್ಟಲನ್ನು ಓರೆ ಮಾಡಿದಳು. ಸಕ್ಕರೆಯೆಲ್ಲ ಹೊಸ್ತಿಲ ಮೇಲೆ.

ಒಳಗೆ ಟಿವಿಯಲ್ಲಿ ಇದನ್ನೇ ನೋಡುತ್ತಿದ್ದ ಅತ್ತೆಯವರು ಕೂಗಿದರು: “ಚೆಲ್ಲಿದ್ದೂ ಕಾಣಸ್ತು. ಇನ್ನೊಂದ ಬಟ್ಟಲ ತಗೊಂಡ ಬರಾಕ ಹೇಳು!”

ಉಡಿ ತುಂಬಿದ್ದು

ಬಂದವರ ಗುರುತಿನ ಕಾರ್ಡು ಮೊದಲು ತೆಗೆದುಕೊಳ್ಳಬೇಕು ಎಂಬುದು ನಿಯಮ. ಬೆಲ್ಲ-ನೀರು ಕೊಡದೆ ಏನನ್ನೂ ಕೇಳಬಾರದು ಎಂಬುದು ಅತ್ತೆಯವರ ನಿಯಮ. ಕೂಡಲಸಂಗಮ ನೋಡಿ ಬಂದ ಗಂಡ-ಹೆಂಡತಿಗೆ ಬೆಲ್ಲ ಕೊಟ್ಟು, “ಯಾವ ಊರು? ಯಾರ ಪೈಕಿ?” ಎಂದು ಶುರುಮಾಡಿದರು. ನಾನು ಚಹಾ ಕುದಿಸುವಷ್ಟರಲ್ಲಿ ಆ ಹುಡುಗಿ ತಾಂಬಾದ ನಮ್ಮ ನೆಂಟರ ಮೊಮ್ಮಗಳಾಗಿದ್ದಳು.

ಹೊರಡುವಾಗ ಬಾಡಿಗೆ ಕೊಡಲು ಬಂದರೆ ಅತ್ತೆಯವರು ಸಿಟ್ಟಾದರು. “ಮನಿ ಮಗಳ ಕಡೆ ರೊಕ್ಕ ತಗೋತಾರೇನು?” ಎಂದು ಕುಪ್ಪಸದ ಕಣ ಇಟ್ಟು ಉಡಿ ತುಂಬಿ, ಖಡಕ್ ರೊಟ್ಟಿಯ ಗಂಟು ಕಟ್ಟಿಕೊಟ್ಟರು. ಗಂಟು ಕಟ್ಟಿದ್ದು ನನ್ನ ಹೊಸ ಹಾಸಿಗೆಯ ಚಾದರಿನಲ್ಲಿ.

ಬೀಗರು

ನಾನು ಅತ್ತುಕರೆದು, “ಅತ್ತೀ, ಯಾರೇ ಬರಲಿ, ಮೊದಲ ಕಾರ್ಡ್, ಆಮ್ಯಾಲೆ ಹಾಸಿಗಿ” ಎಂದು ಆಣೆ ಹಾಕಿಸಿಕೊಂಡೆ. ಅವರು ಮಾತಿಗೆ ತಪ್ಪುವವರಲ್ಲ.

ಅಗರಖೇಡದಿಂದ ಬೀಗರು ಬಂದರು. ನಮ್ಮ ನಾದಿನಿಯ ಮಾವ, ರುಮಾಲು ಸುತ್ತಿದ ದೊಡ್ಡ ಮನುಷ್ಯ. ಉಂಡು ಎದ್ದು ಮೇಲಿನ ಕೋಣೆಗೆ ನಡೆದರೆ ಅತ್ತೆಯವರು ಮೆಟ್ಟಿಲಿಗೆ ಅಡ್ಡ ನಿಂತರು. “ಕಾರ್ಡ್ ತೋರಸ್ರಿ, ಬೀಗರ.”

ಬೀಗರ ಮೀಸೆ ನಡುಗಿತು. “ಮಗಳ್ನ ಕೊಡುಮುಂದ ಯಾವ ಕಾರ್ಡೂ ಕೇಳಲಿಲ್ಲ, ಈಗ ಹಾಸಿಗಿ ಕೊಡಾಕ ಕೇಳ್ತೀರೇನು?”

ಅಧಿಕಾರಿ

ಕಡೆಗೆ ಅಧಿಕಾರಿ ಬಂದರು. ಭಾವನವರು ಅವತ್ತೇ ಉಳ್ಳಾಗಡ್ಡಿಯ ಟ್ರ್ಯಾಕ್ಟರ್ ತಂದು ಬಾಗಿಲ ಮುಂದೆ ನಿಲ್ಲಿಸಿದ್ದರು.

ಬಂದವರನ್ನು ಉಣಿಸದೆ ಕಳಿಸುವ ಮನೆಯಲ್ಲ ನಮ್ಮದು. ನಮ್ಮ ಕಡೆ ‘ಸಾಕು’ ಅಂದರೆ ‘ಇನ್ನೊಂದು’ ಅಂತ ಅರ್ಥ. ಪಾಪ, ಅವರು ಹೋಳಿಗೆಗೆ ಬಹಳ ಸಲ ಸಾಕು ಅಂದರು. ಆಮೇಲೆ ಏದುಸಿರು ಬಿಡುತ್ತ ಕೋಣೆ ನೋಡಲು ಹೋದವರು, ಗಾದಿ ಹೇಗಿದೆ ಎಂದು ಕೂತು, ಹಾಗೇ ವಾಲಿ, ಗೊರಕೆ ಹೊಡೆಯತೊಡಗಿದರು.

ಅತ್ತೆಯವರು ಹೊರಗಿನಿಂದ ಚಿಲಕ ಹಾಕಿದರು!

“ಅತ್ತೀ, ಅವರು ಸಾಹೇಬ್ರು!”

“ಇರಲಿ. ಕಾರ್ಡ್ ಕೊಡದ ಮಲಗ್ಯಾರ. ನೀನ ಆಣಿ ಹಾಕಸ್ಕೊಂಡೀ.”

ಎಚ್ಚರಾದ ಸಾಹೇಬರು ಬಾಗಿಲು ಬಡಿದರು. ಕಾರ್ಡು ಜೀಪಿನಲ್ಲಿ, ಜೀಪು ಪಂಕ್ಚರ್ ಹಾಕಿಸಲು ಹೋಗಿತ್ತು. “ಅಮ್ಮಾರ, ನಾ ಮುದ್ದೇಬಿಹಾಳದಾಂವ ಅದೀನ್ರಿ, ಕಳ್ಳ ಅಲ್ರಿ!”

“ಮುದ್ದೇಬಿಹಾಳದಾಗ ಯಾರ ಪೈಕಿ?”

ಮುಚ್ಚಿದ ಬಾಗಿಲ ಮೂಲಕವೇ ವಂಶಾವಳಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅತ್ತೆಯವರು ಚಿಲಕ ತೆಗೆದು ಕೂಗಿದರು: “ಯಪ್ಪಾ, ನಮ್ಮ ಕಾಕಾನ ಮೊಮ್ಮಗಳ ಗಂಡ ನೀನು! ಅಳಿಯ ಆದಿ ನನಗ!”

ಸಾಹೇಬರ ಮುಖ ಇಳಿಯಿತು. “ಸಂಬಂಧ ಹಚ್ಚಬ್ಯಾಡ್ರಿ. ಬಳಗದವರ ಮನಿ ಅಂದ್ರ ನಾ ಸಹಿ ಮಾಡಾಕ ಬರಂಗಿಲ್ಲ.”

ಕೆಳಗೆ ಭಾವನವರು ಆಗಲೇ ಚೀಲ ಹೆಗಲಿಗೇರಿಸಿದ್ದರು.

ಅತ್ತೆಯವರು ಕೆಳಗೊಮ್ಮೆ ನೋಡಿದರು, ನನ್ನ ಮುಖ ನೋಡಿದರು. “ಹಂಗಾದ್ರ ನೀವ್ಯಾರೋ ನಾವ್ಯಾರೋ. ಕಾರ್ಡ್ ತೋರಸ್ರಿ,” ಎಂದು ಮತ್ತೆ ಚಿಲಕ ಹಾಕಿದರು.

ಒಳಗೆ ಸಾಹೇಬರು ನಗುವ ಸದ್ದು ಕೇಳಿತು. ಜೀಪು ಬಂತು, ಕಾರ್ಡು ಬಂತು, ಚಿಲಕ ತೆರೆಯಿತು. “ಇಷ್ಟು ಕಟ್ಟುನಿಟ್ಟು ನಾ ಎಲ್ಲೂ ನೋಡಿಲ್ರಿ” ಎಂದು ಅವರು ಸಹಿ ಹಾಕಿದರು. ಭಾವನವರು ಚೀಲ ಇಳಿಸಿದರು.

ಅತ್ತೆಯವರು ನನ್ನ ಕಿವಿಯಲ್ಲಿ ಕೇಳಿದರು: “ಸಹಿ ಆತೇನು?”

“ಆತ್ರಿ.”

“ಅಳಿಯಾ, ಬಾ. ಇನ್ನೊಂದ ಹೋಳಿಗಿ ತಿಂದ ಹೋಗು.”