ಕಲ್ಲುಹೂವನ್ನು ತೊಳೆಯುವ ವಿಭಾಗಕ್ಕೆ ಕಳಿಸಿದ್ದರ ಕುರಿತು

ಜೀವಿ ವರ್ಗೀಕರಣ ಹಾಗೂ ಸಂರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕಚೇರಿಯ ಮುದ್ದಿನ ಗಿಳಿಯೂ ಕ್ಷೇಮವೆಂದು ನಂಬಿ, ಜೀವಶಾಸ್ತ್ರದ ನಿವೃತ್ತ ಶಿಕ್ಷಕಿಯಾದ ನಾನು ತಮ್ಮ ಅಮೂಲ್ಯ ಸಮಯದಲ್ಲಿ ಚಿಟಿಕೆಯಷ್ಟನ್ನು ಬೇಡುತ್ತಿದ್ದೇನೆ.

ತಮ್ಮ ಕಚೇರಿಯ ಹಿಂಬದಿ ಗೋಡೆಯಲ್ಲಿ, ನೀರಿನ ಪೈಪಿನ ಪಕ್ಕ, ಅಂಗೈಯಗಲದ ಕಿತ್ತಳೆ ಬಣ್ಣದ ಕಲ್ಲುಹೂವೊಂದಿದೆ. ಊರಿನಲ್ಲಿ ಇಂಥದು ಇನ್ನೊಂದಿಲ್ಲ. ಹನ್ನೊಂದು ವರ್ಷದಿಂದ ಸ್ಕೇಲು ಹಿಡಿದು ಅಳೆಯುತ್ತಿದ್ದೇನೆ. ಒಂದು ಬೆರಳಗಲ ಬೆಳೆದಿದೆ. ತಮ್ಮ ಎಷ್ಟೋ ಕಡತಗಳಿಗಿಂತ ಇದು ಚುರುಕು ಎಂಬುದನ್ನು ವಿನಯದಿಂದ ಗಮನಕ್ಕೆ ತರುತ್ತೇನೆ.

ಇದನ್ನು ಅಪರೂಪದ ಜೀವಿಗಳ ಪಟ್ಟಿಗೆ ಸೇರಿಸಿರೆಂದು ಅರ್ಜಿ ಕೊಟ್ಟಾಗ, ಹೆಸರಿನಲ್ಲಿ ಹೂವಿದೆಯೆಂದು ಹೂವಿನ ವಿಭಾಗಕ್ಕೆ ಕಳಿಸಿದಿರಿ; ಅವರು ಅರಳಿದಾಗಿನ ಫೋಟೊ ಕೇಳಿದರು. ಇದು ಅರಳುವ ಪೈಕಿಯದಲ್ಲ ಎಂದದ್ದಕ್ಕೆ ಕಲ್ಲಿನ ವಿಭಾಗಕ್ಕೆ ಹೋಯಿತು. ಅವರು ತೂಕ ಕೇಳಿದರು. ಕೊನೆಗೆ, ಇದು ಒಂದು ಜೀವಿಯಲ್ಲ ಸ್ವಾಮಿ, ಬೂಷ್ಟಿನ ಜಾತಿಯದೊಂದು, ಪಾಚಿಯ ಜಾತಿಯದೊಂದು, ಎರಡೂ ಸೇರಿ ಸಂಸಾರ ಹೂಡಿವೆ ಎಂದು ಬಿಡಿಸಿ ಬರೆದುಕೊಟ್ಟೆ. ಅದೇ ನಾನು ಮಾಡಿದ ತಪ್ಪು. ಪಾಚಿ, ಬೂಷ್ಟು ಎಂಬ ಎರಡು ಪದ ಕಂಡದ್ದೇ ತಡ, ಮೂರು ವರ್ಷ ತೆವಳುತ್ತಿದ್ದ ಕಡತ ಒಂದೇ ಮಧ್ಯಾಹ್ನದಲ್ಲಿ ಗೋಡೆ ತೊಳೆಯುವ ವಿಭಾಗವನ್ನು ಮುಟ್ಟಿತು. ಓಡಿ ಬಂದು ತಮ್ಮ ಗುಮಾಸ್ತರನ್ನು ಕೇಳಿದರೆ, "ಮೇಡಂ, ಪಾಚಿ ಅಂತ ನೀವೇ ಬರ್ಕೊಟ್ಟಿದೀರಲ್ಲ, ಇನ್ನು ನಾವೇನ್ ಮಾಡೋಕಾಗುತ್ತೆ" ಎಂದು ನನ್ನದೇ ಸಹಿ ತೋರಿಸಿದರು. ನನಗೆ ಅಳು ಬಂತು. ಅದು ಯಾವ ವಿಭಾಗಕ್ಕೆ ಸೇರುತ್ತದೋ ತಿಳಿಯಲಿಲ್ಲ.

ತೊಳೆದ ಗೋಡೆಯ ಮೇಲೆ ಗಿಳಿಯ ಚಿತ್ರ ಬರೆಸುವಿರಂತೆ. ಗಿಳಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅದೂ ಇನ್ನೂರು ಚಿಲ್ಲರೆ ಮಾತ್ರ ಉಳಿದಿರುವ ಪಾಪದ ಜೀವ. ಆದರೆ ಅದಕ್ಕೆ ಒಂದೇ ಹೆಸರು, ಒಂದೇ ಕುಲ, ಕಾಲಿಗೆ ನಂಬರಿನ ಉಂಗುರ, ಗೂಡಿಗೆ ಕಾವಲುಗಾರ, 'ತೀವ್ರ ಅಳಿವಿನಂಚು' ಎಂಬ ಬಿರುದು. ಮೇಲಾಗಿ ಹೇಳಿಕೊಟ್ಟದ್ದನ್ನೇ ಹೇಳುವ, ಕಚೇರಿಗಳಿಗೆ ಚೆನ್ನಾಗಿ ಒಗ್ಗುವ ಗುಣ. ನನ್ನ ಕಲ್ಲುಹೂವಿಗೆ ಬಾಯಿಲ್ಲ. 'ಮಾಹಿತಿ ಸಾಲದು' ಎಂಬ ಮುದ್ರೆಯೊಂದೇ ಅದರ ಆಸ್ತಿ.

ಆದ್ದರಿಂದ ಕಲ್ಲುಹೂವಿನ ಜಾಗಕ್ಕೇ ಬರುವ ಗಿಳಿಯ ಕೊಕ್ಕನ್ನು ನಾಲ್ಕಂಗುಲ ಎಡಕ್ಕೆ ಸರಿಸಿ ಬರೆಸಬೇಕೆಂದೂ, ಇಲ್ಲವೇ ಕಲ್ಲುಹೂವಿಗೆ ಒಂದು ಜೊತೆ ಹಸಿರು ರೆಕ್ಕೆ ಮಂಜೂರು ಮಾಡಬೇಕೆಂದೂ, ಅದೂ ಆಗದಿದ್ದರೆ ಅದಕ್ಕೆ 'ನಮಸ್ಕಾರ ಸಾಹೇಬರೇ' ಎನ್ನಲು ಕಲಿಸುವಷ್ಟು, ಅಂದರೆ ಸುಮಾರು ನಾನೂರು ವರ್ಷ, ಕಾಲಾವಕಾಶ ಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ತೊಳೆಯುವ ವಿಭಾಗದ ಬಾಗಿಲ ಬೆಂಚಿನಿಂದ,
ಹೇಗೋ ಇನ್ನೂ ತಮ್ಮ ವಿಶ್ವಾಸಿ,
ಗೋಡೆ ಅಳೆಯುವ ಟೀಚರ್

ಕೊನೆಯದೊಂದು ಮಾತು: ಇಷ್ಟು ಬರೆದು ಲಕೋಟೆ ಅಂಟಿಸುವ ಮೊದಲೇ ಗೋಡೆ ತೊಳೆದಾಯಿತು. ಬಹಳ ಶುಭ್ರವಾಗಿದೆ, ಅಭಿನಂದನೆಗಳು. ಕಲ್ಲುಹೂವು ಈಗ ತಮ್ಮ ನಿರ್ನಾಮವಾದ ಜೀವಿಗಳ ಪಟ್ಟಿಗೆ ಸೇರಿದೆ. ಆ ಪಟ್ಟಿಗೆ ಮಾತ್ರ ಅರ್ಜಿ ಬೇಕಾಗಿಲ್ಲವಂತೆ.