ರೋಣದಿಂದ ರೇಡಿಯೋ ಹುಡುಕಲು ಹೊರಟು

ನನ್ನದು ಹೆದರುವ ಜೀವ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ತಿರುಗಿ ಮನೆಗೆ ಬಂದು ನೋಡುವವಳು. ಯಾವಾಗಲೂ ಏನೋ ಅನಾಹುತ ಕಾದಿದೆ ಎಂದು ಎದೆ ಹಿಡಿದುಕೊಂಡು ಕೂತಿರುತ್ತೇನೆ. ಅನಾಹುತ ಬರುವುದೇ ಇಲ್ಲ. ಅದರ ಬದಲು ನಾಲ್ಕು ಜನರೆದುರು ನಗೆಗೀಡಾಗುವಂಥದ್ದು ಏನಾದರೊಂದು ಬಂದೇ ಬರುತ್ತದೆ. ರೋಣದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನು, ಹಾಡು ಕೇಳುವ ಒಂದು ಸಾಫ್ಟ್‌ವೇರಿಗೆ ರೇಡಿಯೋ ಹುಡುಕುವ ಸೌಲಭ್ಯ ಸೇರಿಸಲು ಹೋದಾಗಲೂ ಹೀಗೇ ಆಯಿತು.

೧. ಸ್ವಾಗತ

ನಮ್ಮ ಅತ್ತೆಗೆ ಬೆಳಿಗ್ಗೆ ಎದ್ದ ಕೂಡಲೆ ರೇಡಿಯೋದಲ್ಲಿ ವಚನ ಬೇಕು. ಮನೆಯ ಹಳೆಯ ರೇಡಿಯೋದಲ್ಲಿ ವಚನಕ್ಕಿಂತ ಗರಗರ ಸದ್ದೇ ಹೆಚ್ಚು. ಹಾಡು ಕೇಳಲು ನಾನು ಕಂಪ್ಯೂಟರಿನಲ್ಲಿ ಒಂದು ಪುಕ್ಕಟೆ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೆ. ಬೇರೆ ಬೇರೆ ದೇಶದ ಜನ ಬಿಡುವಿನಲ್ಲಿ ಕೂಡಿ ಬರೆದದ್ದು ಅದು. ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಅದರಲ್ಲಿ ಇಂಟರ್‌ನೆಟ್ ರೇಡಿಯೋ ಕೇಳಲು ಬರುತ್ತಿತ್ತು, ಆದರೆ ಕೇಂದ್ರದ ಮಾರುದ್ದದ ವಿಳಾಸವನ್ನು ನಾವೇ ಎಲ್ಲಿಂದಲೋ ತಂದು ತುಂಬಬೇಕು. ಹೆಸರು ಬರೆದು ಹುಡುಕುವ ಹಾಗಿರಲಿಲ್ಲ.

ಅವರ ಚರ್ಚೆಯ ಪುಟದಲ್ಲಿ, ಹುಡುಕುವ ಅನುಕೂಲ ಇದ್ದರೆ ಚೆನ್ನಾಗಿತ್ತು ಎಂದು ಒಂದು ಸಾಲು ಹಾಕಿದೆ. ಯಾರು ಏನಂದುಕೊಳ್ಳುತ್ತಾರೋ ಎಂದು ಆಮೇಲೆ ಊಟವೇ ಸೇರಲಿಲ್ಲ. ಉತ್ತರ ಬಂತು: "ಪ್ಯಾಚಸ್ ವೆಲ್‌ಕಮ್."

ಪ್ಯಾಚಸ್ ಯಾರೋ ಗೊತ್ತಾಗಲಿಲ್ಲ. ವೆಲ್‌ಕಮ್ ಅಂದಿದ್ದಾರಲ್ಲ, ಎಷ್ಟು ಒಳ್ಳೆಯ ಜನ ಎಂದುಕೊಂಡು, "ತುಂಬಾ ಧನ್ಯವಾದ, ನನಗೂ ಬಹಳ ಸಂತೋಷ" ಎಂದು ಬರೆದುಬಿಟ್ಟೆ. ಮರುದಿನ ನೋಡಿದರೆ ಆ ಕೆಲಸದ ಮುಂದೆ ನನ್ನ ಹೆಸರು.

ನಮ್ಮ ಕಾಲೇಜಿನ ಇಂಗ್ಲಿಷ್ ಸರ್‌ಗೆ ತೋರಿಸಿದೆ. ಅವರು ಓದಿ ನಕ್ಕರು. "ಮೇಡಮ್ಮರ, ಇದು ಸ್ವಾಗತ ಅಲ್ರಿ. ನಮಗ ಪುರಸೊತ್ತಿಲ್ಲ, ಬೇಕಂದ್ರ ನೀವಾ ಮಾಡಿ ಕಳಸ್ರಿ ಅಂತ ಅರ್ಥ. ನೀವು ಸಂತೋಷ ಅಂತ ಒಪ್ಪಿಕೊಂಡೀರಿ."

ಮಕ್ಕಳಿಗೆ ಪುಸ್ತಕದಲ್ಲಿರುವುದನ್ನು ಕಲಿಸುವುದು ಬೇರೆ, ಜಗತ್ತಿನ ಕಣ್ಣೆದುರು ಬರೆಯುವುದು ಬೇರೆ. ಮನೆಗೆ ಬಂದು ಅತ್ತೆಯ ಮುಂದೆ ಗೋಳು ತೋಡಿಕೊಂಡೆ. ಅವರಿಗೆ ಅರ್ಥವಾದದ್ದು ಒಂದೇ ಶಬ್ದ.

"ಪ್ಯಾಚ್ ಅಂದ್ರ ತ್ಯಾಪಿ ಅಲ್ಲೇನ? ಮಂದಿ ಹರಕ ಅಂಗಿಗೆ ತ್ಯಾಪಿ ಹಚ್ಚೂದು ಒಪ್ಪಿಕೊಂಡು ಬಂದಿಯಂದಂಗಾತು. ಇಲ್ಲಿ ನಿನ್ನ ಗಂಡನ ಅಂಗಿ ಗುಂಡಿ ಕಿತ್ತು ಯಾ ಕಾಲ ಆತು, ಅದನ್ನ ಯಾರ ಹಚ್ಚಬೇಕು?"

೨. ಸೀರು

ಅಂತೂ ಬರೆದೆ. ರೇಡಿಯೋ ಕೇಂದ್ರಗಳ ಹೆಸರು, ಭಾಷೆ, ದೇಶಗಳನ್ನೆಲ್ಲ ಕೂಡಿಹಾಕಿ ಇಟ್ಟ ಒಂದು ತಾಣವಿದೆ; ಅದನ್ನೂ ಸ್ವಯಂಸೇವಕರೇ ನಡೆಸುತ್ತಾರೆ. ನಾವು ಬರೆದ ಶಬ್ದವನ್ನು ಅಲ್ಲಿಗೆ ಕಳಿಸಿ ಉತ್ತರ ತಂದು ತೋರಿಸುವುದಷ್ಟೇ ನನ್ನ ಕೆಲಸ. ಕಳಿಸುವ ಗುಂಡಿ ಒತ್ತುವಾಗ ಕಣ್ಣು ಮುಚ್ಚಿಕೊಂಡಿದ್ದೆ.

ನನ್ನ ಕೋಡ್ ಪರಿಶೀಲನೆ ಮಾಡಿದವರು ಯಾವುದೋ ದೂರದ ದೇಶದವರು, ಮುಖ ಕಂಡಿಲ್ಲ. ಅವರ ಟಿಪ್ಪಣಿಗಳು ಬಂದವು. ಪ್ರತಿಯೊಂದೂ "ನಿಟ್" ಎಂದು ಶುರು. ಇಲ್ಲೊಂದು ನಿಟ್, ಅಲ್ಲೊಂದು ನಿಟ್. ಈ ಸಲ ಯಾರನ್ನೂ ಕೇಳಬಾರದೆಂದು ನಿಘಂಟು ತೆಗೆದೆ. "ಸೀರು, ಹೇನಿನ ತತ್ತಿ" ಎಂದಿತ್ತು.

ನಾನು ಜೀವ ತೇಯ್ದು ಬರೆದದ್ದರಲ್ಲಿ ಹೇನಿನ ತತ್ತಿ! ಬೈಯಲಿ, ಆದರೆ ಹೀಗೂ ಬೈಯುತ್ತಾರೆಯೇ? ಕಣ್ಣಲ್ಲಿ ನೀರು ಬಂತು. ಅತ್ತೆ ಒಳಗಿನಿಂದ ಕೇಳಿದರು, "ಏನಾತವಾ?"

"ಸೀರ ಅದಾವಂತ್ರೀ. ಎಲ್ಲಾ ಕಡೆ ಸೀರ."

ಅವರು ಮತ್ತೇನೂ ಕೇಳದೆ ಒಳಗೆ ಹೋಗಿ ಎಣ್ಣೆಯ ಬಾಟಲಿ, ಸೀರಣಿಗೆ ತಂದು ಮಣೆ ಹಾಕಿದರು. "ಬಾ, ಇಲ್ಲಿ ಕುಂದ್ರು."

"ನನ್ನ ತಲ್ಯಾಗಲ್ರಿ ಅತ್ತಿ, ನಾ ಬರದಿದ್ರಾಗ!"

ಅವರು ನನ್ನ ಭುಜ ಹಿಡಿದು ಕೂರಿಸಿಯೇಬಿಟ್ಟರು. "ಬರದಿದ್ದು ತಲ್ಯಾಗಿಂದನ ಹೊರಗ ಬಂದಿರ್ತೈತಿ ಅಲ್ಲ? ಮೊದಲ ತಲಿ ತೋರಸು."

೩. ನರಗುಂದದ ಮಾವ

ನಿಟ್ ಎಂದರೆ ಸಣ್ಣಪುಟ್ಟ ಲೋಪ, ತಿದ್ದಿದರೆ ಒಳ್ಳೆಯದು, ಬಿಟ್ಟರೂ ನಡೆಯುತ್ತದೆ ಎಂದು ಪರಿಶೀಲಕರೇ ಆಮೇಲೆ ಬಿಡಿಸಿ ಹೇಳಿದರು. ಕೊನೆಗೆ, ಕಂಪ್ಯೂಟರಿನ ಗಂಧವಿಲ್ಲದವರ ಕೈಗೆ ಒಮ್ಮೆ ಕೊಟ್ಟು ನೋಡಿ ಎಂದರು. ನನಗೆ ನೆನಪಾದದ್ದು ನರಗುಂದದಲ್ಲಿರುವ ನನ್ನ ಸೋದರಮಾವ. ಆಯುಷ್ಯವೆಲ್ಲ ಬಸ್ಸಿನ ಸ್ಟೇರಿಂಗ್ ಹಿಡಿದವರು. ಯಾವ ಅವಸರಕ್ಕೂ ಜಗ್ಗದ ಮನುಷ್ಯ. ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೆ ಹೋದೆ.

ನಾನು ಒಂದು ಜಾಣತನ ಮಾಡಿದ್ದೆ. ಪೂರ್ತಿ ಹೆಸರು ಬರೆಯುವ ತನಕ ಕಾಯುವುದೇಕೆ? ಬರೆಯುವವರ ಕೈ ಕ್ಷಣ ನಿಂತರೂ ಸಾಕು, ಸಾಫ್ಟ್‌ವೇರ್ ಅಷ್ಟಕ್ಕೇ ಹುಡುಕಿ, ಮೊದಲು ಸಿಕ್ಕ ಕೇಂದ್ರವನ್ನು ತಾನೇ ಹಚ್ಚಿಬಿಡುತ್ತಿತ್ತು. ನನ್ನ ಬೆರಳಿಗೆ ಅದು ಸರಿಯಾಗಿತ್ತು. ಮಾವನದು ಒಂದೇ ಬೆರಳು. ಒಂದು ಅಕ್ಷರ ಒತ್ತಿ, ಕನ್ನಡಕ ಏರಿಸಿ, ಮುಂದಿನ ಅಕ್ಷರ ಎಲ್ಲಿದೆ ಎಂದು ಊರೆಲ್ಲ ಹುಡುಕುವ ಬೆರಳು.

ಅವರು ಇಂಗ್ಲಿಷಿನಲ್ಲಿ 'ಕನ್ನಡ' ಎಂದು ಬರೆಯಲು ಕೂತರು. 'ಕೆ' ಒತ್ತಿದರು. ಎಲ್ಲಿಯದೋ ಡೋಲು ಡಬಡಬ ಶುರುವಾಯಿತು. ಮಾವ ಬೆಚ್ಚಿದರು. 'ಎ' ಒತ್ತಿದರು. ಒಬ್ಬ ಹೆಂಗಸು ಯಾವುದೋ ಭಾಷೆಯಲ್ಲಿ ಬಡಬಡ ಮಾತಾಡತೊಡಗಿದಳು. 'ಎನ್' ಒತ್ತಿದರೆ ಒಬ್ಬ ಗಂಡಸು ಸಿಟ್ಟಿನಿಂದ ಏನೋ ಕೂಗಿದ. ಮಾವ ಬೆರಳನ್ನು ಹಿಂದೆಳೆದುಕೊಂಡು ಪರದೆಯ ಕಡೆ ಕೈಯೆತ್ತಿದರು.

"ತಡೀರಿ ಸಾಹೇಬ್ರ, ಇನ್ನೂ ಬರ್ಯಾಕತ್ತೇನಿ." ಆಮೇಲೆ ನನ್ನ ಕಡೆ ತಿರುಗಿ, "ಯವ್ವಾ, ಮಂದಿ ಭಾಳ ಅವಸರದವ್ರ ಅದಾರ. ಪೂರಾ ಕೇಳಿಸಿಕೊಳ್ಳೂದ ಇಲ್ಲ, ಎಲ್ಲಾರೂ ನಡುವ ಬಾಯಿ ಹಾಕ್ತಾರ."

ಅಕ್ಷರ ತಪ್ಪಿತೆಂದು ಅಳಿಸಿದರು, ಮತ್ತೆ ಒತ್ತಿದರು. ಪ್ರತಿ ಸಲವೂ ಒಂದು ಹೊಸ ದೇಶ. ಅಷ್ಟೂ ಪ್ರಶ್ನೆಗಳು ಆ ಸ್ವಯಂಸೇವಕರ ತಾಣಕ್ಕೆ ಹೋಗಿ ಬೀಳುತ್ತಿದ್ದವಲ್ಲ! ಹೆದರಿದ್ದೇ ಆಯಿತು. ಸದ್ದು ನಿಂತು, ಪರದೆಯ ಮೇಲೆ ಸಾಲೊಂದು ಬಂತು: ನಿಮ್ಮಿಂದ ಕೋರಿಕೆಗಳು ಅತಿಯಾಗಿವೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ.

ನನ್ನೊಬ್ಬಳಿಂದ ಈ ಸಾಫ್ಟ್‌ವೇರನ್ನೇ ಅವರು ಹೊರಗಿಟ್ಟರೆ? ನೂರು ಕಡೆಯ ಜನ ನನ್ನ ಹೆಸರು ಹಿಡಿದು ಬೈದರೆ? ನಾನು ಬೆವರುತ್ತ ಮಾವನಿಗೆ ಅದರ ಅರ್ಥ ಹೇಳಿದೆ. ಅವರು ತಣ್ಣಗೆ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು.

"ಮತ್ತ? ನಾಕು ಮಂದಿಗೆ 'ತಡೀರಿ' ಅಂದ್ರ ಸಿಟ್ಟ ಬರೂದಿಲ್ಲೇನ? ನಡಿ, ಚಾ ಕುಡಿಯೂನು. ಅಷ್ಟರಾಗ ಅವ್ರೂ ಸಮಾಧಾನ ಆಗ್ತಾರ."

ಖರೇ ಹೇಳುತ್ತೇನೆ, ಚಹಾ ಕುಡಿದು ಬರುವುದರೊಳಗೆ ಸಮಾಧಾನವಾಗಿದ್ದರು.

೪. ಗಜೇಂದ್ರಗಡದಲ್ಲಿ ಎದ್ದು ನಿಂತದ್ದು

ಪೂರ್ತಿ ಬರೆದು ಎಂಟರ್ ಒತ್ತಿದ ಮೇಲೆಯೇ ಹುಡುಕುವಂತೆ, ನಾವು ಆರಿಸಿದ ಮೇಲೆಯೇ ಹಚ್ಚುವಂತೆ ತಿದ್ದಿದೆ. ನನ್ನ ಕೆಲಸ ಒಪ್ಪಿತವಾಗಿ, ಹೊಸ ಆವೃತ್ತಿಯಲ್ಲಿ ಎಲ್ಲರಿಗೂ ಸಿಕ್ಕಿತು. ಅತ್ತೆ ವಚನ ಕೇಳಿ, "ಗರಗರ ಇಲ್ಲದ ರೇಡಿಯೋ ರೇಡಿಯೋ ಅನ್ನಿಸೂದಿಲ್ಲ ನೋಡು" ಎಂದರು. ಆದರೂ ದಿನಾ ಕೇಳುತ್ತಾರೆ.

ಅಷ್ಟರಲ್ಲಿ ಗಜೇಂದ್ರಗಡದಲ್ಲಿ ಶಿಕ್ಷಕರ ಕಾರ್ಯಾಗಾರ. ನೀವೇ ಮಾಡಿದ್ದನ್ನು ತೋರಿಸಿ ಎಂದು ಕರೆದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಬಾಯಿ ಒಣಗಿತ್ತು. ಜೊತೆಗೆ ಬಂದಿದ್ದ ಇಂಗ್ಲಿಷ್ ಸರ್ ನೀರು ಕುಡಿಸಿ ಕುಡಿಸಿ ಸಾಕಾಗಿದ್ದರು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿ, ನಿವೃತ್ತ ಹೆಡ್‌ಮಾಸ್ತರರು. ಬಿಳಿ ಟೋಪಿ, ನೆಟ್ಟನೆಯ ಬೆನ್ನು, ಶಿಸ್ತಿಗೆ ಹೆಸರಾದವರು. ನಾನು 'ಕನ್ನಡ' ಎಂದು ಬರೆದು ಹುಡುಕಿದೆ. ಕೇಂದ್ರಗಳ ಹೆಸರು ಬಂದವು. ಮೊದಲನೆಯದನ್ನು ಒತ್ತಿದೆ: ಸದ್ದಿಲ್ಲ. ಎರಡನೆಯದು: ಸದ್ದಿಲ್ಲ. ಜನ ಕೆಮ್ಮತೊಡಗಿದರು. ಗಾಬರಿಯಲ್ಲಿ ಹುಡುಕಿದ್ದನ್ನು ಅಳಿಸಿ, ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಯಾವುದೋ ದೇಶದ ಕೇಂದ್ರ ಒತ್ತಿ, ಬೆವರು ಒರೆಸಿಕೊಳ್ಳಲು ಪಕ್ಕಕ್ಕೆ ಸರಿದೆ.

ದೊಡ್ಡ ಸ್ಪೀಕರಿನಲ್ಲಿ ಕಹಳೆ ಮೊಳಗಿತು. ಹಿಂದೆಯೇ ಬ್ಯಾಂಡು, ಗಂಭೀರವಾಗಿ, ನಿಧಾನವಾಗಿ. ಹೆಡ್‌ಮಾಸ್ತರರು ತಟ್ಟನೆ ಎದ್ದು ಕೈ ಬಿಗಿಯಾಗಿ ಇಳಿಬಿಟ್ಟು 'ಸಾವಧಾನ್' ಭಂಗಿಯಲ್ಲಿ ನಿಂತರು. ಅವರು ನಿಂತ ಮೇಲೆ ಕೂರುವವರಾರು? ಸಾಲುಸಾಲಾಗಿ ಸಭೆಯೇ ಎದ್ದಿತು. ಚಹಾ ತಂದ ಹೆಣ್ಣುಮಗಳು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ನಾನೂ ನಿಂತೆ. ಮೌಸ್ ಅಲ್ಲೇ ಇತ್ತು, ಕೈಗೆ ಎಟುಕುತ್ತಿರಲಿಲ್ಲ; ಯಾವ ದೇಶದ್ದಾದರೇನು, ರಾಷ್ಟ್ರಗೀತೆ ನಡೆದಾಗ ಅಲುಗುವುದು ಹೇಗೆ?

ಬ್ಯಾಂಡು ಮುಗಿಯುವ ಹಾಗೆ ಮಾಡಿ ಮತ್ತೆ ಏರಿತು. ಯಾರೋ ಪಿಸುಗುಟ್ಟಿದರು, "ಎರಡನೇ ಚರಣ ಇರಬೇಕು." ಕೊನೆಗೊಮ್ಮೆ ನಿಂತು, ಇಂಗ್ಲಿಷಿನಲ್ಲಿ ಗಡಸು ದನಿಯೊಂದು ಏನೋ ಹೇಳಿತು. ಇಂಗ್ಲಿಷ್ ಸರ್ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಮೊದಲು ಕೂತರು. ನಾನು ಓಡಿಹೋಗಿ ಬಂದ್ ಮಾಡಿದೆ.

ಹೆಡ್‌ಮಾಸ್ತರರು ಇನ್ನೂ ನಿಂತೇ ಇದ್ದರು. "ಯಾವ ದೇಶದ ರಾಷ್ಟ್ರಗೀತೆ ಅದು?"

ಇಂಗ್ಲಿಷ್ ಸರ್ ಎದ್ದು ಸಣ್ಣ ದನಿಯಲ್ಲಿ ಹೇಳಿದರು, "ದೇಶದ್ದಲ್ರಿ ಸರ್. ನಾಯಿಗೆ ಮೈ ತೊಳಿಯೂ ಸಾಬೂನಿನ ಜಾಹೀರಾತ್ರಿ."

ನನ್ನ ನೌಕರಿ ಮುಗಿಯಿತು ಎಂದೇ ನಾನು ತಿಳಿದೆ. ಹೆಡ್‌ಮಾಸ್ತರರು ಟೋಪಿ ಸರಿಮಾಡಿಕೊಂಡು, ಸಾವಕಾಶ ಕುರ್ಚಿಯಲ್ಲಿ ಕೂತು ಹೇಳಿದರು:

"ಹೌದಾ? ಹಂಗಾರ ಆ ನಾಯಿ ಭಾಳ ದೊಡ್ಡ ಮನಿತನದ್ದ ಇರಬೇಕ್ ಬಿಡ್ರಿ."